ಕಾಂಟಾಬ್ರಿಯದ ಗವಿಗಳು: ನೋಡಲು ಹೋಗುವ ಮೊದಲು ಕಲಿಯಬೇಕಾದ ಒಂದು ಸಮೀಕರಣ

ಉತ್ತರ ಸ್ಪೇನಿನ ಕಾಂಟಾಬ್ರಿಯ ಪ್ರಾಂತ್ಯದ, ಆದಿಮಾನವರು ಚಿತ್ರ ಬರೆದ ಗವಿಗಳ ಬಗ್ಗೆ ಓದತೊಡಗಿದರೆ ಮೊದಲು ಎದುರಾಗುವುದು ಹೆಸರುಗಳ ಮತ್ತು ಇಸವಿಗಳ ರಾಶಿ. ಅವನ್ನು ಬಾಯಿಪಾಠ ಮಾಡುವ ಮೊದಲು ಒಂದು ರಾಸಾಯನಿಕ ಕ್ರಿಯೆಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಗವಿ ಹೇಗೆ ಆಯಿತು, ಅದರೊಳಗಿನ ಚಿತ್ರದ ವಯಸ್ಸು ಹೇಗೆ ತಿಳಿಯಿತು, ಇವುಗಳಲ್ಲಿ ಅತಿ ಪ್ರಸಿದ್ಧವಾದ ಅಲ್ತಮಿರಾ ಗವಿಯ ಬಾಗಿಲನ್ನು ಯಾಕೆ ಮುಚ್ಚಿದರು? ಈ ಮೂರನ್ನೂ ನಾನು ಬಹಳ ದಿನ ಭೂವಿಜ್ಞಾನ, ಪುರಾತತ್ವ, ಸಂರಕ್ಷಣೆ ಎಂದು ಬೇರೆ ಬೇರೆ ಪಾಠಗಳಾಗಿ ಓದುತ್ತಿದ್ದೆ. ಮೂರರ ಬೇರೂ ಒಂದೇ ಎಂದು ತಿಳಿದ ಮೇಲೆ ಓದು ಹಗುರವಾಯಿತು.

ಆ ಕ್ರಿಯೆ ಇಷ್ಟೇ. ಮಳೆನೀರು ಗಾಳಿಯಿಂದ ಸ್ವಲ್ಪ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧ ನೀರಿಗೆ ಅದು ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ. ಈ ಆಮ್ಲಕ್ಕೆ ಮಾತ್ರ ಬೈಕಾರ್ಬೊನೇಟ್ ಆಗಿ ಕರಗಿಹೋಗುತ್ತದೆ. ಇದು ಎರಡೂ ದಿಕ್ಕಿಗೆ ನಡೆಯುವ ಕ್ರಿಯೆ ಎಂಬುದನ್ನು ಅಡಿಗೆರೆ ಎಳೆದು ಬರೆದುಕೊಳ್ಳಿ. ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋದರೆ ಕರಗಿದ ಕಲ್ಲು ಮತ್ತೆ ಕಲ್ಲಾಗುತ್ತದೆ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಚ್ಚಿಕೊಳ್ಳುವ ಬಿಳಿ ಪದರ ಹೀಗೆ ಹುಟ್ಟಿದ್ದೇ.

ಕರಗುವ ದಿಕ್ಕು

ಕಾಂಟಾಬ್ರಿಯ ಪರ್ವತಗಳ ಎತ್ತರದ ಭಾಗವಾದ ಪಿಕೋಸ್ ದೆ ಯುರೋಪಾ ಸಮುದ್ರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲೇ 2,600 ಮೀಟರ್ ಮೀರಿ ಏಳುತ್ತದೆ. ಅಲ್ಲಿನ ಬಂಡೆಯ ಬಹುಪಾಲು 30 ಕೋಟಿ ವರ್ಷಗಳಿಗೂ ಹಳೆಯ ಕಾರ್ಬೊನಿಫೆರಸ್ ಯುಗದ ಸುಣ್ಣಕಲ್ಲು. ಕಡಲಿನ ತೇವ ಗಾಳಿ ಈ ಗೋಡೆಗೆ ಬಡಿದು ಮಳೆ ಸುರಿಸುತ್ತದೆ, ನೀರು ಬಿರುಕು ಹಿಡಿದು ಒಳಗಿಳಿಯುತ್ತದೆ. ಮೇಲೆ ಉಳಿಯುವುದು ಅಲಗಿನಂತೆ ಹರಿತವಾದ ಕಲ್ಲು, ಬಾಣಲೆಯಂತೆ ಕುಸಿದ ಗುಂಡಿಗಳು, ನೇರ ಪಾತಾಳಕ್ಕೆ ಇಳಿಯುವ ಕಂಡಿಗಳು. ಇಂಥ ಕಂಡಿಯನ್ನು ಸ್ಥಳೀಯರು ‘ತೋರ್ಕಾ’ ಎನ್ನುತ್ತಾರೆ. ತೋರ್ಕಾ ದೆಲ್ ಸೆರ್ರೊ ದೆಲ್ ಕುಯೆವೊನ್ ಎಂಬ ಗವಿವ್ಯೂಹದ ಆಳ 1,589 ಮೀಟರ್. ಇಂಥ ನೆಲಕ್ಕೆ ಕಾರ್ಸ್ಟ್ ಎಂಬ ಹೆಸರು ಬಂದದ್ದು ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಪ್ರಸ್ಥಭೂಮಿಯ ಹೆಸರಿನಿಂದ.

ನಡೆಯುವವರಿಗೆ ಇದರಿಂದ ಎರಡು ಪಾಠಗಳಿವೆ. ಇಷ್ಟು ಮಳೆ ಬೀಳುವ ಬೆಟ್ಟದ ಮೇಲೆ ಕುಡಿಯುವ ನೀರು ಸಿಗುವುದು ಅಪರೂಪ, ಏಕೆಂದರೆ ನೀರೆಲ್ಲ ಪಾದದ ಕೆಳಗಿದೆ. ಇನ್ನೊಂದು, ಮಂಜು ಕವಿದಾಗ ಗುರುತಿನ ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು. ಕಂಡಿಯ ಬಾಯಿಗೆ ಹಿಮ ಮುಚ್ಚಿದ್ದರೆ ಅದು ಗಟ್ಟಿ ನೆಲದಂತೆಯೇ ಕಾಣುತ್ತದೆ.

ಚಿತ್ರಗಳಿರುವ ಗವಿಗಳು ಮಾತ್ರ ಇಷ್ಟು ಎತ್ತರದಲ್ಲಿಲ್ಲ. ಹೆಚ್ಚಿನವು ತಗ್ಗಿನ ಕಣಿವೆಗಳಲ್ಲಿವೆ. ಅತ್ಯುತ್ತಮ ಉದಾಹರಣೆ ಪ್ವೆಂತೆ ವಿಯೆಸ್ಗೊ ಊರಿನ ಬಳಿ, ಪಾಸ್ ನದಿಯ ಮೇಲೆ ಶಂಕುವಿನಂತೆ ನಿಂತಿರುವ ಕಾಸ್ತಿಯೋ ಬೆಟ್ಟ. ಈ ಒಂದೇ ಬೆಟ್ಟದೊಳಗೆ ಎಲ್ ಕಾಸ್ತಿಯೋ, ಲಾ ಪಸಿಯೇಗಾ, ಲಾಸ್ ಮೊನೇದಾಸ್, ಲಾಸ್ ಚಿಮಿನೇಯಾಸ್ ಎಂಬ ನಾಲ್ಕು ಚಿತ್ರಗವಿಗಳಿವೆ. ಎಲ್ ಕಾಸ್ತಿಯೋದ ಬಾಯಲ್ಲಿ ಜನ ಬಾಳಿದ ಕುರುಹುಗಳು 18ರಿಂದ 20 ಮೀಟರ್ ದಪ್ಪಕ್ಕೆ ಪದರ ಪದರವಾಗಿ ಕೂತಿವೆ. 1910ರಿಂದ 1914ರವರೆಗೆ ಪುರಾತತ್ವಜ್ಞ ಹ್ಯೂಗೊ ಓಬರ್‌ಮಯರ್ ಅಲ್ಲಿ ಉತ್ಖನನ ನಡೆಸಿದರು. ಇಲ್ಲಿ ಒಂದು ವ್ಯತ್ಯಾಸ ನೆನಪಿರಲಿ: ಜನ ವಾಸವಿದ್ದದ್ದು ಬೆಳಕು ಬೀಳುವ ಬಾಯಿಯ ಬಳಿ. ಚಿತ್ರಗಳಲ್ಲಿ ಬಹಳಷ್ಟು ಇರುವುದು ದೀಪ ಹಿಡಿದೇ ಹೋಗಬೇಕಾದ ಒಳಗತ್ತಲಲ್ಲಿ.

ಮತ್ತೆ ಕಲ್ಲಾಗುವ ದಿಕ್ಕು

ಈಗ ಕ್ರಿಯೆಯನ್ನು ತಿರುಗಿಸೋಣ. ಬಂಡೆಯಲ್ಲಿ ಸೋಸಿ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಗವಿಯ ಗಾಳಿಯಲ್ಲಿರುವುದಕ್ಕಿಂತ ಹೆಚ್ಚಿರುತ್ತದೆ. ನೀರು ಗೋಡೆಯ ಮೇಲೆ ಒಸರುವಾಗ ಆ ಅನಿಲ ಗಾಳಿಗೆ ಹೊರಟುಹೋಗುತ್ತದೆ, ಕ್ಯಾಲ್ಸೈಟಿನ (ಹರಳುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟಿನ) ತೆಳು ಪೊರೆ ಗೋಡೆಗೆ ಅಂಟುತ್ತದೆ. ಆ ಗೋಡೆಯ ಮೇಲೆ ಮೊದಲೇ ಚಿತ್ರವಿದ್ದರೆ ಪೊರೆ ಬೆಳೆಯುವುದು ಚಿತ್ರದ ಮೇಲೆ.

ನನಗೆ ಅತಿ ಕಷ್ಟವಾದ ಭಾಗ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕೆಂಪು ಚಿತ್ರಗಳ ಬಣ್ಣ ಕಾವಿಕಲ್ಲಿನದು, ಅಂದರೆ ಕಬ್ಬಿಣದ ಆಕ್ಸೈಡ್. ಅದರಲ್ಲಿ ಇಂಗಾಲವಿಲ್ಲದ ಕಾರಣ, ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ಕಾರ್ಬನ್-14 ವಿಧಾನ ನಡೆಯುವುದಿಲ್ಲ. ಇದ್ದಿಲಿನಿಂದ ಬರೆದ ಕಪ್ಪು ಚಿತ್ರಗಳಿಗೆ ನಡೆಯುತ್ತದೆ, ಅದೂ ಸುಮಾರು 50,000 ವರ್ಷಗಳ ಮಿತಿಯೊಳಗೆ. ಹಾಗಾದರೆ ಕೆಂಪಿಗೆ ಏನು ಗತಿ? ಪೊರೆಯನ್ನು ಕೇಳಬೇಕು. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ. ಆದ್ದರಿಂದ ಹೊಸದಾಗಿ ಕೂತ ಕ್ಯಾಲ್ಸೈಟಿನಲ್ಲಿ ಅತ್ಯಲ್ಪ ಯುರೇನಿಯಂ ಇರುತ್ತದೆ, ಥೋರಿಯಂ ಇಲ್ಲವೆನ್ನುವಷ್ಟು ಕಡಿಮೆ. ಕಾಲ ಕಳೆದಂತೆ ಯುರೇನಿಯಂ-234 ಕ್ಷಯಿಸಿ ಥೋರಿಯಂ-230 ಒಳಗೇ ಹುಟ್ಟುತ್ತದೆ. ಎರಡರ ಅನುಪಾತ ಅಳೆದರೆ ಪೊರೆ ಕೂತ ಕಾಲ ಸಿಗುತ್ತದೆ. ಅಕ್ಕಿಕಾಳಿನಷ್ಟು ಕ್ಯಾಲ್ಸೈಟ್ ಸಾಕು, ಬಣ್ಣವನ್ನು ಮುಟ್ಟಬೇಕಾಗಿಲ್ಲ.

2012ರಲ್ಲಿ ಪುರಾತತ್ವಜ್ಞ ಆಲಿಸ್ಟರ್ ಪೈಕ್ ಅವರ ತಂಡ ಉತ್ತರ ಸ್ಪೇನಿನ 11 ಗವಿಗಳ 50 ಚಿತ್ರಗಳ ಮೇಲಿನ ಪೊರೆಯನ್ನು ಹೀಗೆ ಅಳೆದು ಪ್ರಕಟಿಸಿತು. ಎಲ್ ಕಾಸ್ತಿಯೋದ ಒಂದು ಕೆಂಪು ಬಿಂದುವಿನ ಮೇಲಿನ ಪೊರೆಗೆ 40,800 ವರ್ಷ, ಅದೇ ಗವಿಯ ಒಂದು ಕೈ ಅಚ್ಚಿನ ಮೇಲಿನದಕ್ಕೆ 37,300 ವರ್ಷ. ಇವು ಚಿತ್ರದ ವಯಸ್ಸಲ್ಲ! ಚಿತ್ರ ಕನಿಷ್ಠ ಇಷ್ಟು ಹಳೆಯದು ಎಂದು ಮಾತ್ರ ಇವು ಹೇಳುತ್ತವೆ. ಬಣ್ಣದ ಕೆಳಗಿರುವ ಪದರವನ್ನು ಅಳೆದರೆ ಗರಿಷ್ಠ ವಯಸ್ಸು ಸಿಗುತ್ತದೆ. ‘40,800 ವರ್ಷದ ಚಿತ್ರ’ ಎಂದು ಎಲ್ಲಿ ಕಂಡರೂ ‘ಕನಿಷ್ಠ’ ಎಂಬ ಪದವನ್ನು ಸೇರಿಸಿಕೊಂಡು ಓದಿ.

2018ರಲ್ಲಿ ಇದೇ ವಿಧಾನದಿಂದ ಲಾ ಪಸಿಯೇಗಾದ ಏಣಿಯಾಕಾರದ ಕೆಂಪು ಗುರುತಿಗೆ ಕನಿಷ್ಠ 64,800 ವರ್ಷ ಎಂಬ ಲೆಕ್ಕ ಬಂತು. ಅಷ್ಟು ಹಿಂದೆ ಆಧುನಿಕ ಮಾನವರು ಆ ಭಾಗಕ್ಕೆ ಬಂದಿದ್ದಕ್ಕೆ ಪುರಾವೆ ಇಲ್ಲದಿರುವುದರಿಂದ ಅದನ್ನು ಬರೆದವರು ನಿಯಾಂಡರ್ತಲರು (ಈಗ ಅಳಿದುಹೋದ ಇನ್ನೊಂದು ಮಾನವ ಬಗೆ) ಎಂದು ಸಂಶೋಧಕರು ವಾದಿಸಿದರು. ಆಕ್ಷೇಪ ಎತ್ತಿದವರ ಒಂದು ಮಾತು ನಮ್ಮ ಸಮೀಕರಣದ ಒಳಗಿನದೇ: ಪೊರೆಯ ಮೇಲೆ ಆಮೇಲೂ ನೀರು ಹರಿದು ಯುರೇನಿಯಂ ತೊಳೆದುಹೋಗಿದ್ದರೆ ಪೊರೆ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ ಎಂಬುದು ನನ್ನ ಅನಿಸಿಕೆ. ಪರೀಕ್ಷೆಯಲ್ಲಿ ಬರೆಯುವಾಗ ಎರಡೂ ಪಕ್ಷವನ್ನು ಬರೆಯಿರಿ.

ಉಸಿರು

ಅಲ್ತಮಿರಾದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 1879ರಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುವೊಲಾ ಗವಿಯ ನೆಲ ಅಗೆಯುತ್ತಿದ್ದಾಗ ಚಾವಣಿಯ ಮೇಲೆ ಬರೆದ ಬೈಸನ್‌ಗಳನ್ನು (ಕಾಡುಕೋಣದಂಥ ಪ್ರಾಣಿ) ಕಂಡವಳು ಅವರ ಪುಟ್ಟ ಮಗಳು ಮರಿಯಾ. ಬಣ್ಣ ಇಷ್ಟು ತಾಜಾ ಆಗಿರುವಾಗ ಚಿತ್ರ ಪ್ರಾಚೀನವಾಗಿರಲು ಸಾಧ್ಯವಿಲ್ಲ ಎಂದು ವಿದ್ವಾಂಸರು ನಂಬಲಿಲ್ಲ. ಸೌತುವೊಲಾ 1888ರಲ್ಲಿ ತೀರಿಕೊಂಡರು. ಪ್ರಮುಖ ವಿರೋಧಿಯಾಗಿದ್ದ ಫ್ರೆಂಚ್ ವಿದ್ವಾಂಸ ಎಮಿಲ್ ಕಾರ್ತೈಯಾಕ್ ತಪ್ಪೊಪ್ಪಿಕೊಂಡದ್ದು 1902ರಲ್ಲಿ. ಆ ಹದಿನಾಲ್ಕು ವರ್ಷಗಳ ಅಂತರವನ್ನು ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಬಣ್ಣ ತಾಜಾ ಉಳಿದದ್ದಕ್ಕೆ ಕಾರಣವಿತ್ತು. ಸುಮಾರು 13,000 ವರ್ಷಗಳ ಹಿಂದೆ ಗವಿಯ ಬಾಯಿ ಕುಸಿದು ಮುಚ್ಚಿಹೋಗಿ, ಒಳಗಿನ ಗಾಳಿ, ತೇವ, ತಾಪಮಾನ ಒಂದೇ ಹದದಲ್ಲಿ ನಿಂತಿದ್ದವು. 1973ರಲ್ಲಿ 1,70,000ಕ್ಕೂ ಹೆಚ್ಚು ಜನ ಒಳಹೊಕ್ಕರು. ನಾವು ಹೊರಬಿಡುವ ಉಸಿರಿನಲ್ಲಿ ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಇದೆ, ಜೊತೆಗೆ ನೀರಾವಿ. ನಿಂತ ಒಂದೊಂದು ಮೈಯೂ ಸುಮಾರು 100 ವಾಟ್ ಶಾಖ ಬಿಡುತ್ತದೆ. ಆವಿ ತಣ್ಣನೆಯ ಚಾವಣಿಯಲ್ಲಿ ಹನಿಗಟ್ಟಿ, ಉಸಿರಿನ ಇಂಗಾಲದ ಡೈಆಕ್ಸೈಡನ್ನೇ ಹೀರಿ ಆಮ್ಲವಾಗುತ್ತದೆ. ಮಣ್ಣಿನಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ, ಕರಗುವುದು ಮಾತ್ರ ಬಣ್ಣ ಹೊತ್ತ ಕಲ್ಲು. ಗವಿಯನ್ನು 1977ರಲ್ಲಿ ಮುಚ್ಚಿದರು, 1982ರಲ್ಲಿ ಮಿತಿ ಹಾಕಿ ತೆರೆದರು, 2002ರಲ್ಲಿ ಮತ್ತೆ ಮುಚ್ಚಿದರು. 2014ರಲ್ಲಿ ಪ್ರಯೋಗಕ್ಕೆಂದು ವಾರಕ್ಕೆ ಐದೇ ಜನರನ್ನು ಚೀಟಿ ಎತ್ತಿ ಒಳಬಿಟ್ಟರು. ಪಕ್ಕದಲ್ಲಿ 2001ರಲ್ಲಿ ಕಟ್ಟಿದ ಪ್ರತಿಕೃತಿ ಗವಿಯನ್ನು ‘ನಕಲು’ ಎಂದು ಬಿಟ್ಟುಬಿಡಬೇಡಿ. ಚಾವಣಿಯ ಉಬ್ಬುಗಳನ್ನೇ ಬೈಸನ್‌ಗಳ ಮೈಯಾಗಿಸಿದ ಕೌಶಲ ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ, ಚಪ್ಪಟೆ ಛಾಯಾಚಿತ್ರದಲ್ಲಿ ಎಂದೂ ತಿಳಿಯುವುದಿಲ್ಲ.

ಮೂಲ ಚಿತ್ರಗಳನ್ನೇ ನೋಡಬೇಕಿದ್ದರೆ ಎಲ್ ಕಾಸ್ತಿಯೋ, ಲಾಸ್ ಮೊನೇದಾಸ್, ಕೆಂಪು ಚುಕ್ಕೆಗಳ ಸಾಲಿನಿಂದ ಹೆಣ್ಣುಜಿಂಕೆಗಳನ್ನು ಬಿಡಿಸಿರುವ ಕೊವಲಾನಾಸ್ ಗವಿಗಳಿವೆ. ಮಾರ್ಗದರ್ಶಿಯ ಜೊತೆ ಚಿಕ್ಕ ಗುಂಪಾಗಿಯೇ ಹೋಗಬೇಕು, ಮೊದಲೇ ಸ್ಥಳ ಕಾಯ್ದಿರಿಸಬೇಕು. ಒಳಗೆ ತಂಪು, ನೆಲ ಒದ್ದೆ. ಜಾರದ ಬೂಟು ಮತ್ತು ಒಂದು ಸ್ವೆಟರ್ ಬೇಕು. ಗೋಡೆ ಮುಟ್ಟುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಎಲ್ ಕಾಸ್ತಿಯೋದಲ್ಲಿ ಸುಣ್ಣದ ಕಂಬವೊಂದರ ಉಬ್ಬುತಗ್ಗನ್ನು ಬಳಸಿ ನೆಟ್ಟಗೆ ನಿಂತ ಬೈಸನ್ ಒಂದನ್ನು ಮೂಡಿಸಿದ್ದಾರೆ, ಅದನ್ನು ತೋರಿಸಲು ಮಾರ್ಗದರ್ಶಿಯನ್ನು ಕೇಳಿ. ಆಮೇಲೆ ಕೈ ಅಚ್ಚುಗಳಿರುವ ಗೋಡೆಯ ಮುಂದೆ ನಿಂತಾಗ ಕೆಂಪನ್ನು ಮಾತ್ರ ನೋಡಬೇಡಿ. ಅದರ ಅಂಚಿನಲ್ಲಿ ಹರಿದು ಗಟ್ಟಿಯಾದ ಬಿಳಿ ಪೊರೆಯನ್ನು ಹುಡುಕಿ, ಅದು ಬಣ್ಣದ ಮೇಲಿದೆಯೋ ಕೆಳಗಿದೆಯೋ ಎಂದು ನೋಡಿ.