ವೀಲ್ ನಟ್ ಬಿಚ್ಚುವಾಗ ಅಲಾಯ್‌ಗೆ ಗೀರು ಬೀಳುವುದು ಯಾಕೆ?

ಅಲಾಯ್ ವೀಲ್ ಇರುವ ಯಾವುದಾದರೂ ಹಳೆ ಕಾರಿನ ಪಕ್ಕ ಕೂತು, ನಟ್‌ಗಳು ಕೂರುವ ಕುಳಿಗಳಿಗೆ ಟಾರ್ಚ್ ಬಿಟ್ಟು ನೋಡಿ. ಚಕ್ರದ ಮುಖ ಚೆನ್ನಾಗಿ ಹೊಳೆಯುತ್ತಿದ್ದರೂ ಕುಳಿಯ ಒಳಗೋಡೆಯಲ್ಲಿ ಬೆಳ್ಳಗಿನ ಗೀರುಗಳು ಕಾಣುತ್ತವೆ. ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿದರೆ, ಆ ಗೀರು ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಬದಿಯಲ್ಲಿ ಆಳವಾಗಿ ಕೆರೆದಿರುತ್ತದೆ, ಅದರ ಎದುರು ಬದಿಯಲ್ಲಿ ಬಣ್ಣ ಹಾಗೇ ಇರುತ್ತದೆ.

ನಟ್ ತಿರುಗಿಸಿದ್ದರಿಂದಲೇ ಗೀರು ಬಿದ್ದಿದ್ದರೆ ಅದು ಸುತ್ತಲೂ ಬೀಳಬೇಕಿತ್ತು, ಅಲ್ವಾ? ಒಂದೇ ಬದಿಗೆ ಬಿದ್ದಿದೆ ಅಂದರೆ ಸಾಕೆಟ್ (ನಟ್ ಅನ್ನು ಹಿಡಿಯುವ ಕೊಳವೆಯಂಥ ಉಪಕರಣ) ಪಕ್ಕಕ್ಕೆ ವಾಲಿ ಗೋಡೆಗೆ ಒತ್ತಿಕೊಂಡು ತಿರುಗಿದೆ. ನಟ್ ಗಟ್ಟಿಯಾಗಿತ್ತು, ಜೋರಾಗಿ ತಿರುಗಿಸಬೇಕಾಯ್ತು, ಅದಕ್ಕೇ ಗೀರು ಬಿತ್ತು ಅಂತ ಎಷ್ಟೋ ಜನ ಹೇಳುತ್ತಾರೆ. ತಿರುಗಿಸುವ ಬಲಕ್ಕೂ ಗೀರಿಗೂ ನೇರ ಸಂಬಂಧವೇ ಇಲ್ಲ. ಗೀರು ಬೀಳಲು ಮೂರು ಸಂಗತಿ ಒಟ್ಟಿಗೆ ಸೇರಬೇಕು: ಚಕ್ರದ ಮೈಗಿಂತ ಗಟ್ಟಿಯಾದ ವಸ್ತು, ಅದನ್ನು ಗೋಡೆಗೆ ಅದುಮುವ ಬಲ, ಮತ್ತು ಅದುಮಿಕೊಂಡೇ ಜಾರುವ ಚಲನೆ. ಇದರಲ್ಲಿ ಒಂದನ್ನು ತಪ್ಪಿಸಿದರೂ ಸಾಕು, ಗೀರು ಬೀಳುವುದಿಲ್ಲ.

ಮೊದಲು ಆ ಮೈ ಎಂಥದ್ದು ಅಂತ ನೋಡೋಣ. ಹೆಚ್ಚಿನ ಅಲಾಯ್ ವೀಲ್‌ಗಳು ಎರಕ ಹೊಯ್ದ ಅಲ್ಯೂಮಿನಿಯಂ. ಇದಕ್ಕೆ ತುಂಬಾ ಬಳಸುವ ಎ356 ಎಂಬ ಮಿಶ್ರಲೋಹದಲ್ಲಿ ಶೇ. 7ರಷ್ಟು ಸಿಲಿಕಾನ್ ಇರುತ್ತದೆ, ಜೊತೆಗೆ ಚೂರು ಮೆಗ್ನೀಷಿಯಂ. ಹಗುರ, ಸಾಕಷ್ಟು ಬಲಶಾಲಿ, ಆದರೆ ಉಪಕರಣದ ಉಕ್ಕಿನ ಮುಂದೆ ಬಹಳ ಮೆತ್ತಗೆ. ಹದ ಮಾಡಿದ ಉಕ್ಕಿನ ಸಾಕೆಟ್ ಇದಕ್ಕಿಂತ ಹಲವು ಪಟ್ಟು ಗಟ್ಟಿ. ಈ ಅಲ್ಯೂಮಿನಿಯಂ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್. ಆ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ ಒಂದು ತಲೆಗೂದಲಿನಷ್ಟೂ ಇರುವುದಿಲ್ಲ. ನಾವು ಕಾಪಾಡಬೇಕಾಗಿರುವುದು ಇದನ್ನೇ.

ಗಟ್ಟಿ ವಸ್ತು ಅಂದಾಗ ಎಲ್ಲರ ಕಣ್ಣು ಸಾಕೆಟ್ ಕಡೆಗೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ಕುಳಿಯೊಳಗೆ ಕೂತಿರುವ ಧೂಳು. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ ಯಾವ ಖನಿಜ ಯಾವುದನ್ನು ಗೀರುತ್ತದೆ ಅಂತ ನೋಡಿ 1ರಿಂದ 10ರವರೆಗಿನ ಒಂದು ಅಳತೆ ಮಾಡಿದ. ಅದರಲ್ಲಿ ಅಲ್ಯೂಮಿನಿಯಂ ಮೂರರ ಆಸುಪಾಸು ಬರುತ್ತದೆ. ರಸ್ತೆಯ ಮರಳಿನಲ್ಲಿ ಧಾರಾಳವಾಗಿರುವ ಕ್ವಾರ್ಟ್ಸ್ 7. ಅಂದರೆ ಒಂದು ಮರಳಿನ ಕಣ ಸಾಕೆಟ್‌ಗೂ ಗೋಡೆಗೂ ನಡುವೆ ಸಿಕ್ಕಿಕೊಂಡರೆ ಅದು ಬಣ್ಣವನ್ನೂ ಅಲ್ಯೂಮಿನಿಯಂ ಅನ್ನೂ ಆರಾಮಾಗಿ ಕೊರೆಯುತ್ತದೆ. ಮರಳಿನ ಜೊತೆಗೆ ಬ್ರೇಕ್ ಧೂಳು ಬೇರೆ. ಅದರಲ್ಲಿ ಡಿಸ್ಕ್‌ನಿಂದ ಸವೆದು ಬಂದ ಕಬ್ಬಿಣದ ಪುಡಿ ಇರುತ್ತದೆ. ಹಾಗಾಗಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಕುಳಿಗಳಿಗೆ ನೀರು ಹಾಯಿಸಿ, ಮೆತ್ತನೆಯ ಬ್ರಷ್‌ನಿಂದ ತೊಳೆದುಕೊಳ್ಳಿ. ಒಣ ಬಟ್ಟೆ ತುರುಕಿ ಉಜ್ಜಬೇಡಿ. ಉಜ್ಜಿದರೆ ಅದೇ ಕಣಗಳನ್ನು ನಾವೇ ಗೋಡೆಗೆ ತಿಕ್ಕಿದ ಹಾಗಾಗುತ್ತದೆ. ಸಾಕೆಟ್‌ನ ಹೊರಮೈಯನ್ನೂ ಒರೆಸಿ, ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಬಿದ್ದು ಬಿದ್ದು ಅಂಚಿನಲ್ಲಿ ಲೋಹದ ಮುಳ್ಳು ಎದ್ದಿದ್ದರೆ ಸಣ್ಣ ಅರದಿಂದ ಉಜ್ಜಿ ನಯ ಮಾಡಿ. ಎರಡು ನಿಮಿಷದ ಕೆಲಸ. ಸಾಕೆಟ್ ಕೊಂಡಾಗಿನಿಂದ ಹಾಗೇ ಬಳಸುತ್ತಾ ಬಂದಿದ್ದರೆ ಇದನ್ನು ಇವತ್ತೇ ಮಾಡಿಬಿಡಿ.

ಇನ್ನು ಅದುಮುವ ಬಲ. ಇಡೀ ವಿಷಯದ ಜೀವಾಳ ಇಲ್ಲಿದೆ, ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ.

ಸಾಮಾನ್ಯ ಕಾರುಗಳ ವೀಲ್ ನಟ್‌ಗಳನ್ನು 80ರಿಂದ 140 ನ್ಯೂಟನ್ ಮೀಟರ್ ಟಾರ್ಕ್‌ಗೆ ಬಿಗಿದಿರುತ್ತಾರೆ. ಟಾರ್ಕ್ ಅಂದರೆ ತಿರುಗಿಸುವ ಬಲದ ಅಳತೆ, ಒತ್ತುವ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದ್ದು. ನಿಮ್ಮ ಕಾರಿನ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ. 110 ಅಂತ ಇಟ್ಟುಕೊಳ್ಳಿ. ಕಾರಿನ ಜೊತೆ ಬರುವ ಎಲ್ ಆಕಾರದ ವೀಲ್ ಸ್ಪ್ಯಾನರ್‌ನ ಹಿಡಿ 30 ಸೆಂ.ಮೀ. ಇದ್ದರೆ, ಅಷ್ಟು ಟಾರ್ಕ್ ಬರಲು ಅದರ ತುದಿಯಲ್ಲಿ ಸುಮಾರು 37 ಕಿಲೋ ಭಾರ ಬೀಳಬೇಕು. ತೊಂದರೆ ಏನೆಂದರೆ, ಆ 37 ಕಿಲೋ ಬರೀ ತಿರುಗಿಸುವುದಿಲ್ಲ. ಒಂದೇ ಕಡೆಯಿಂದ ಒತ್ತಿದಾಗ ಅಷ್ಟೇ ಬಲ ಸಾಕೆಟ್ ಅನ್ನು ಕೆಳಕ್ಕೂ ತಳ್ಳುತ್ತದೆ. ಮೇಲಾಗಿ, ನಾವು ಒತ್ತುವ ಹಿಡಿ ನಟ್‌ನ ಮಟ್ಟದಲ್ಲಿರುವುದಿಲ್ಲ, ಎಂಟು ಹತ್ತು ಸೆಂಟಿಮೀಟರ್ ಹೊರಗೆ ಇರುತ್ತದೆ. ಹಾಗಾಗಿ ಸ್ಪ್ಯಾನರ್ ಮೂತಿ ಬಗ್ಗಿಸುತ್ತದೆ. ಸಾಕೆಟ್‌ನ ಹೊರಭಾಗ ಕುಳಿಯ ಬಾಯಿಯ ಕೆಳಗಿನ ಅಂಚಿಗೆ ಒತ್ತುತ್ತದೆ, ಒಳತುದಿ ಮೇಲಿನ ಗೋಡೆಗೆ ಎದ್ದು ತಾಗುತ್ತದೆ. ಆ ಸ್ಥಿತಿಯಲ್ಲಿ ನಟ್ ಟಕ್ ಅಂತ ಬಿಟ್ಟುಕೊಂಡರೆ ಸಾಕೆಟ್ ಗೋಡೆಯನ್ನು ಕೆರೆದುಕೊಂಡೇ ತಿರುಗುತ್ತದೆ. ಸ್ಪ್ಯಾನರ್ ಮೇಲೆ ಕಾಲಿಟ್ಟು ನಿಲ್ಲುವವರು ಈ ಬಲವನ್ನು ಇನ್ನೂ ದುಪ್ಪಟ್ಟು ಮಾಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಚಕ್ರಕ್ಕಿಂತ ಆ ಮನುಷ್ಯನ ಮೊಣಕಾಲಿನ ಚಿಂತೆ ಜಾಸ್ತಿ ಆಗುತ್ತದೆ.

ಅದೇ ಜಾಗದಲ್ಲಿ ಕ್ರಾಸ್ ಸ್ಪ್ಯಾನರ್ ಹಾಕಿ. ಕೂಡಿಸುವ ಗುರುತಿನ ಹಾಗೆ ನಾಲ್ಕು ತೋಳು ಇರುವುದು. ಎಡಗೈ ಒಂದು ತೋಳನ್ನು ಕೆಳಗೆ ಒತ್ತುತ್ತದೆ, ಬಲಗೈ ಎದುರಿನ ತೋಳನ್ನು ಮೇಲಕ್ಕೆ ಎಳೆಯುತ್ತದೆ. ಎರಡೂ ತಿರುಗಿಸುವುದು ಒಂದೇ ದಿಕ್ಕಿಗೆ, ಆದರೆ ತಳ್ಳುವುದು ಎದುರುಬದುರು ದಿಕ್ಕಿಗೆ. ಎರಡು ಕೈಗಳ ಬಲ ಸಮ ಇದ್ದರೆ ಪಕ್ಕಕ್ಕೆ ಹೋಗುವ ಬಲ ಪೂರ್ತಿ ಕಳೆದು ಸೊನ್ನೆಯಾಗುತ್ತದೆ, ತಿರುಗಿಸುವ ಬಲ ಮಾತ್ರ ಉಳಿಯುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಬಲಯುಗ್ಮ ಅನ್ನುತ್ತಾರೆ. ತೋಳು 35 ಸೆಂ.ಮೀ. ಇದ್ದರೆ ಒಂದೊಂದು ಕೈಗೆ ಬೀಳುವುದು 16 ಕಿಲೋ ಅಷ್ಟೇ. ಅಷ್ಟು ಹಳೆಯ, ಅಷ್ಟು ಸರಳವಾದ ಉಪಕರಣ ಒಂದೇ ಏಟಿಗೆ ಶ್ರಮವನ್ನೂ ಕಡಿಮೆ ಮಾಡಿ ಗೀರಿನ ಕಾರಣವನ್ನೂ ತೆಗೆದುಹಾಕುವುದು ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ.

ಕ್ರಾಸ್ ಸ್ಪ್ಯಾನರ್ ಇಲ್ಲ, ಸಾಕೆಟ್ ಮತ್ತು ಉದ್ದನೆಯ ಹಿಡಿ ಇದೆ ಅಂದರೂ ಪರವಾಗಿಲ್ಲ. ಹಿಡಿ ಎಡಕ್ಕೆ ಅಡ್ಡ ಬರುವ ಹಾಗೆ ಕೂರಿಸಿ. ಒಂದು ಕೈಯಿಂದ ಅದರ ತುದಿ ಒತ್ತುವಾಗ ಇನ್ನೊಂದು ಕೈ ಸಾಕೆಟ್ ಮತ್ತು ಹಿಡಿ ಸೇರುವ ಜಾಗದ ಕೆಳಗೆ ಇರಲಿ, ಮೇಲಕ್ಕೆ ಆತುಕೊಂಡು. ಪಕ್ಕದ ಬಲವನ್ನು ಚಕ್ರದ ಬದಲು ನಿಮ್ಮ ಕೈ ಹೊರುತ್ತದೆ. ಹಿಡಿ ಉದ್ದ ಇದ್ದಷ್ಟೂ ತುದಿಯಲ್ಲಿ ಬೇಕಾದ ಬಲ ಕಡಿಮೆ, ಹಾಗಾಗಿ ಆ ಇನ್ನೊಂದು ಕೈಗೂ ಭಾರ ಕಡಿಮೆ. ಗಟ್ಟಿ ನಟ್‌ಗೆ ಎಗರಿ ಎಗರಿ ಏಟು ಕೊಡುವ ಬದಲು ಉದ್ದ ಹಿಡಿಯಲ್ಲಿ ನಿಧಾನವಾಗಿ ಬಲ ಏರಿಸುತ್ತಾ ಹೋಗುವುದು ಒಳ್ಳೆಯದು, ನಟ್ ಬಿಟ್ಟ ಕ್ಷಣ ಕೈ ಹಿಡಿತದಲ್ಲಿರುತ್ತದೆ.

ಅಂದಹಾಗೆ ನಟ್ ಅಷ್ಟು ಗಟ್ಟಿ ಹಿಡಿದಿರುವುದು ಘರ್ಷಣೆಯಿಂದ. ಬಿಗಿಯುವಾಗ ನಾವು ಹಾಕುವ ಟಾರ್ಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ನಟ್‌ನ ಮುಖ ಚಕ್ರಕ್ಕೆ ಉಜ್ಜುವುದರಲ್ಲೇ ಕಳೆಯುತ್ತದೆ. ಸುಮಾರು ಶೇ. 40 ಥ್ರೆಡ್‌ಗಳ (ತಿರುಪಿನ ಗೆರೆಗಳ) ಉಜ್ಜಾಟಕ್ಕೆ ಹೋಗುತ್ತದೆ. ಸ್ಟಡ್ ಅನ್ನು, ಅಂದರೆ ನಟ್ ಕೂರುವ ತಿರುಪಿನ ಸರಳನ್ನು, ಎಳೆದು ಬಿಗಿಯುವ ನಿಜವಾದ ಕೆಲಸಕ್ಕೆ ಉಳಿಯುವುದು ಶೇ. 10ರಷ್ಟು ಮಾತ್ರ. ಕಾಲ ಕಳೆದಂತೆ ತುಕ್ಕು ಸೇರಿಕೊಂಡು ಘರ್ಷಣೆ ಏರುತ್ತದೆ. ತೀರಾ ಕಚ್ಚಿಕೊಂಡಿದ್ದರೆ ಒಳನುಸುಳುವ ಎಣ್ಣೆಯನ್ನು ನಟ್ ಮತ್ತು ಸ್ಟಡ್ ಸೇರುವ ಜಾಗಕ್ಕೆ ಒಂದೆರಡು ಹನಿ ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಸಂದು ಕಿರಿದಾದಷ್ಟೂ ಎಣ್ಣೆ ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್‌ಗೆ ಮಾತ್ರ ಒಂದು ಹನಿಯೂ ತಾಗಬಾರದು. ಮೊದಲ ಅರ್ಧ ಸುತ್ತನ್ನು ಚಕ್ರ ನೆಲದ ಮೇಲಿರುವಾಗಲೇ ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬೇರೆ ಚಕ್ರಕ್ಕೆ ಅಡ್ಡ ಕೊಟ್ಟು. ಜಾಕ್ ಮೇಲೆ ಎತ್ತಿದ ಮೇಲೆ ಗಟ್ಟಿ ನಟ್ ಜೊತೆ ಗುದ್ದಾಡಿದರೆ ಕಾರು ಜಾರಬಹುದು. ಆಗ ಗೀರಿನ ಮಾತು ಹಾಗಿರಲಿ, ಪ್ರಾಣಕ್ಕೇ ಅಪಾಯ.

ಸಾಕೆಟ್ ಆಯ್ಕೆಯ ಬಗ್ಗೆ ಒಂದಿಷ್ಟು. ಒಳಗೆ ಆರು ಮೂಲೆ ಇರುವುದನ್ನೇ ತೆಗೆದುಕೊಳ್ಳಿ, ಹನ್ನೆರಡರದ್ದು ಬೇಡ. ಆರು ಮೂಲೆಯದ್ದು ನಟ್‌ನ ಚಪ್ಪಟೆ ಮುಖಗಳನ್ನು ಅಗಲವಾಗಿ ಹಿಡಿಯುತ್ತದೆ, ಮೂಲೆ ಸವೆಯುವುದಿಲ್ಲ, ಜಾರುವುದೂ ಇಲ್ಲ. ಅಳತೆ ಸರಿಯಾಗಿರಲಿ, 17, 19, 21 ಮಿ.ಮೀ. ಸಾಮಾನ್ಯ. ಸಡಿಲವಾಗಿದ್ದಷ್ಟೂ ವಾಲಾಟ ಜಾಸ್ತಿ. ಉದ್ದನೆಯ, ತೆಳು ಗೋಡೆಯ ಸಾಕೆಟ್ ಸಿಕ್ಕರೆ ಕುಳಿಯೊಳಗೆ ಸುತ್ತಲೂ ಒಂದೆರಡು ಮಿಲಿಮೀಟರ್ ಜಾಗ ಉಳಿಯುತ್ತದೆ.

ಅದಕ್ಕಿಂತ ಒಳ್ಳೆಯದು ಹೊರಗಡೆ ಪ್ಲಾಸ್ಟಿಕ್ ಕವಚ ಇರುವ ಸಾಕೆಟ್. ಕೆಂಪು, ನೀಲಿ, ಹಳದಿ ಬಣ್ಣಗಳಲ್ಲಿ ಬರುತ್ತವಲ್ಲ, ಅವು. ಪ್ಲಾಸ್ಟಿಕ್ ಮೆತ್ತಗಿರುತ್ತದೆ, ಹಾಗಾಗಿ ಗೀರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಒಳ್ಳೆಯ ಕವಚಗಳಲ್ಲಿ ಇನ್ನೊಂದು ಜಾಣತನ ಇದೆ: ಕವಚ ಸಾಕೆಟ್‌ಗೆ ಅಂಟಿಕೊಂಡಿರುವುದಿಲ್ಲ, ಅದರ ಸುತ್ತ ಸಲೀಸಾಗಿ ತಿರುಗುತ್ತದೆ. ಕವಚ ಗೋಡೆಗೆ ತಾಗಿದರೆ ಅಲ್ಲೇ ನಿಂತುಬಿಡುತ್ತದೆ, ಉಕ್ಕು ಅದರೊಳಗೆ ತಿರುಗುತ್ತದೆ. ಜಾರಾಟವೆಲ್ಲ ಉಕ್ಕು ಮತ್ತು ಪ್ಲಾಸ್ಟಿಕ್ ನಡುವೆ, ಚಕ್ರದ ಮೇಲೆ ಜಾರಾಟವೇ ಇಲ್ಲ. ಗೀರಿಗೆ ಬೇಕಾದ ಮೂರರಲ್ಲಿ ಎರಡನ್ನು ಇದೊಂದೇ ತೆಗೆದುಹಾಕುತ್ತದೆ. ಕೊಂಡ ತಕ್ಷಣ ಕವಚವನ್ನು ಬೆರಳಿನಲ್ಲಿ ತಿರುಗಿಸಿ ನೋಡಿ.

ಮನೆಯಲ್ಲಿ ಅದಿಲ್ಲದಿದ್ದರೆ ಸಾಕೆಟ್‌ನ ಹೊರಮೈಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಸುತ್ತಬಹುದು, ಕುಳಿಯ ಬಾಯಿಯ ಸುತ್ತಲೂ ಚಕ್ರದ ಮುಖಕ್ಕೆ ಅಂಟಿಸಬಹುದು. ಇದು ಕೆಲಸ ಮಾಡುತ್ತದೆ, ಆದರೆ ಟೇಪ್ ಹಾಕಿದ ಮೇಲೂ ಸಾಕೆಟ್ ಕುಳಿಯೊಳಗೆ ಸಲೀಸಾಗಿ ಹೋಗಬೇಕು. ಬಿಗಿಯಾಗಿ ತುರುಕಿದರೆ ಟೇಪ್ ಸುರುಳಿಯಾಗಿ ಕಿತ್ತು ಬರುತ್ತದೆ. ಧೂಳು ಹಿಡಿದ ಟೇಪ್ ಅಂತೂ ಟೇಪ್ ಇಲ್ಲದ ಸಾಕೆಟ್‌ಗಿಂತ ಕೆಟ್ಟದ್ದು, ಯಾಕೆಂದರೆ ಅಂಟಿಗೆ ಸಿಕ್ಕ ಕಣ ಕದಲದೆ ನಿಂತು ಗೋಡೆಯನ್ನು ಕೊರೆಯುತ್ತದೆ. ಒಂದೊಂದು ಚಕ್ರಕ್ಕೂ ಹೊಸದಾಗಿ ಸುತ್ತಿ.

ಕೆಲವು ಕಾರುಗಳಲ್ಲಿ ನಟ್‌ಗೆ ಹೊಳೆಯುವ ತೆಳು ತಗಡಿನ ಟೋಪಿ ತೊಡಿಸಿರುತ್ತಾರೆ. ಒಳಗಿನ ಉಕ್ಕಿಗೂ ತಗಡಿಗೂ ನಡುವೆ ನೀರು ಸೇರಿ ತುಕ್ಕು ಹಿಡಿದರೆ ನಟ್ ಉಬ್ಬುತ್ತದೆ, ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆಗ 19ರ ಸಾಕೆಟ್ ಒಳಗೆ ಹೋಗುವುದಿಲ್ಲ, 20ರದ್ದು ಸಡಿಲ. ಸುತ್ತಿಗೆಯಿಂದ ಬಡಿದು ಕೂರಿಸಲು ಹೋದಾಗಲೇ ಚಕ್ರಕ್ಕೆ ಏಟು ಬೀಳುವುದು. ಇದಕ್ಕೆಂದೇ 19.5, 21.5 ಮಿ.ಮೀ. ಸಾಕೆಟ್‌ಗಳು ಸಿಗುತ್ತವೆ. ಒಂದು ಸಲ ಬಿಚ್ಚಿದ ಮೇಲೆ ಆ ನಟ್‌ಗಳನ್ನು ಬಿಸಾಡಿ, ಒಂದೇ ತುಂಡಿನ ಗಟ್ಟಿ ನಟ್ ಹಾಕಿಸಿಕೊಳ್ಳಿ.

ಗ್ಯಾರೇಜ್‌ಗಳಲ್ಲಿ ನಟ್ ಬಿಚ್ಚಲು ಬಳಸುವ ಯಂತ್ರ, ಇಂಪ್ಯಾಕ್ಟ್ ಗನ್, ವೇಗವಾಗಿ ಬಿಚ್ಚುತ್ತದೆ, ನಿಜ. ಅದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಣ್ಣ ಏಟು ಕೊಡುತ್ತದೆ. ಗನ್ ಸ್ವಲ್ಪ ಓರೆಯಾಗಿದ್ದರೂ ಸಾಕೆಟ್ ಪ್ರತಿ ಏಟಿಗೂ ಗೋಡೆಗೆ ಬಡಿಯುತ್ತದೆ. ನಟ್ ಬಿಟ್ಟ ಮೇಲಂತೂ ಸಾಕೆಟ್ ತುದಿಯಲ್ಲಿ ತೂಗಾಡುತ್ತಾ ಸುತ್ತುತ್ತದೆ. ಕೈಯಲ್ಲಿ ಸಡಿಲ ಮಾಡಿ, ಉಳಿದ ಸುತ್ತುಗಳನ್ನು ಬೆರಳಲ್ಲೇ ಬಿಚ್ಚುವುದು ಲೇಸು. ಮೇಲಿನ ನಟ್ ಕೊನೆಗೆ ಇರಲಿ, ಅದನ್ನು ತೆಗೆಯುವಾಗ ಚಕ್ರವನ್ನು ಒಂದು ಕೈಯಿಂದ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಚಕ್ರ ಸ್ಟಡ್‌ಗಳ ಮೇಲೆ ಕುಸಿದು ರಂಧ್ರದ ಒಳಮೈ ಕೆರೆಯುತ್ತದೆ. ಕೆಳಗಿಳಿಸಿದ ಮೇಲೆ ಮುಖ ಮೇಲೆ ಮಾಡಿ ಮಲಗಿಸಿ.

ಇಷ್ಟೆಲ್ಲ ಮಾಡಿದರೂ ಗೀರು ಬಿದ್ದರೆ ಸುಮ್ನೆ ಬಿಡಬೇಡಿ, ಅದು ಬರೀ ಅಂದದ ಪ್ರಶ್ನೆಯಲ್ಲ. ಅಲ್ಯೂಮಿನಿಯಂ ಗಾಳಿಗೆ ತೆರೆದ ತಕ್ಷಣ ತನ್ನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಒಣ ಗಾಳಿಯಲ್ಲಿ ಅಷ್ಟು ಸಾಕು. ಉಪ್ಪು ಮತ್ತು ತೇವ ಸೇರಿದರೆ ಆ ಪದರ ತಡೆಯುವುದಿಲ್ಲ. ಗೀರಿನ ಅಂಚಿನಿಂದ ಕ್ಲಿಯರ್ ಕೋಟ್ ಅಡಿಯಲ್ಲಿ ಎಳೆ ಎಳೆಯಾಗಿ ಬಿಳಿ ಸವೆತ ಹಬ್ಬುತ್ತದೆ, ಮೇಲಿನ ಪದರ ಚಕ್ಕೆಯಾಗಿ ಏಳುತ್ತದೆ. ಗೀರನ್ನು ತೊಳೆದು, ಪೂರ್ತಿ ಒಣಗಿಸಿ, ಸಣ್ಣ ಬ್ರಷ್‌ನಲ್ಲಿ ಟಚಪ್ ಬಣ್ಣ, ಮೇಲೆ ಪಾರದರ್ಶಕ ಲ್ಯಾಕರ್ ಹಚ್ಚಿ. ಕುಳಿಯ ಗೋಡೆಗೆ ಮಾತ್ರ ಹಚ್ಚಿ. ತಳದಲ್ಲಿ ನಟ್ ಒತ್ತಿ ಕೂರುವ ಇಳಿಜಾರಿನ ಜಾಗಕ್ಕೆ ಬಣ್ಣ ತಾಗಬಾರದು.

ಯಾಕೆಂದರೆ 12 ಮಿ.ಮೀ. ಸ್ಟಡ್‌ಗೆ 110 ನ್ಯೂಟನ್ ಮೀಟರ್ ಕೊಟ್ಟಾಗ ಒಂದೊಂದು ನಟ್ ಸುಮಾರು ನಾಲ್ಕೂವರೆ ಟನ್ ಬಲದಿಂದ ಚಕ್ರವನ್ನು ಹಬ್‌ಗೆ ಅದುಮಿರುತ್ತದೆ. ನಡುವೆ ಮೆತ್ತನೆಯ ಬಣ್ಣದ ಪದರ ಇದ್ದರೆ ಅದು ಓಡಾಟದಲ್ಲಿ ಚಪ್ಪಟೆಯಾಗುತ್ತಾ ಹೋಗಿ ಆ ಬಿಗಿ ಇಳಿಯುತ್ತದೆ. ಥ್ರೆಡ್‌ಗೆ ಎಣ್ಣೆ ಹಚ್ಚಿ ಬಿಗಿಯುವುದೂ ತಪ್ಪು. ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕ್‌ಗೆ ಸ್ಟಡ್ ಮೇಲೆ ಎಳೆತ ಮಿತಿ ಮೀರುತ್ತದೆ. ಬಿಚ್ಚುವಾಗ ಬಿಟ್ಟ ಎಣ್ಣೆಯನ್ನು ಒರೆಸಿ, ನಟ್‌ಗಳನ್ನು ಬೆರಳಲ್ಲೇ ಶುರು ಮಾಡಿ, ಎದುರುಬದುರಾಗಿ ಒಂದೊಂದನ್ನೇ ಬಿಗಿದು, ಚಕ್ರ ನೆಲಕ್ಕೆ ತಾಗಿದ ಮೇಲೆ ಕೊನೆಯ ಬಿಗಿಯನ್ನು ಟಾರ್ಕ್ ರೆಂಚ್‌ನಲ್ಲಿ (ಟಾರ್ಕ್ ಅಳೆದು ಬಿಗಿಯುವ ಸ್ಪ್ಯಾನರ್) ಕೊಡಿ. 80–100 ಕಿ.ಮೀ. ಓಡಿದ ಮೇಲೆ ಅದೇ ಕವಚದ ಸಾಕೆಟ್‌ನಲ್ಲಿ ಎಲ್ಲಾ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿ.