ಸರ್ಕಾರಿ ಅಂಗಳದಲ್ಲಿ ದಶಾಜ್ಞೆಯ ಕಲ್ಲು: ಅಮೆರಿಕದ ಹಳೆಯ ವ್ಯಾಜ್ಯದ ಹಿನ್ನೆಲೆ

2005ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬೈಬಲಿನ ದಶಾಜ್ಞೆಗಳ ಕುರಿತು ಎರಡು ತೀರ್ಪು ಕೊಟ್ಟಿತು. ಟೆಕ್ಸಸ್ ಶಾಸನಸಭೆಯ ಆವರಣದಲ್ಲಿದ್ದ ಕಲ್ಲು ಉಳಿಯಿತು. ಕೆಂಟಕಿಯ ಎರಡು ಕೌಂಟಿಗಳ (ಜಿಲ್ಲೆಯಂಥ ಆಡಳಿತ ಘಟಕಗಳ) ಕೋರ್ಟ್ ಕಟ್ಟಡಗಳಲ್ಲಿ ತೂಗುಹಾಕಿದ್ದ ಫಲಕಗಳಿಗೆ ಅವಕಾಶ ಸಿಗಲಿಲ್ಲ. ಎರಡೂ 5–4ರ ತೀರ್ಪುಗಳೇ. ಎರಡರಲ್ಲೂ ಗೆದ್ದ ಕಡೆ ಇದ್ದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಒಬ್ಬರೇ.

ಧರ್ಮಕ್ಕೂ ಪ್ರಭುತ್ವಕ್ಕೂ ನಡುವಿನ ‘ಗೋಡೆ’ ಎಂಬ ಮಾತು ಅಲ್ಲಿನ ಸಂವಿಧಾನದಲ್ಲಿಲ್ಲ. ಅದು 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಿಗೆ ಬರೆದ ಪತ್ರದ್ದು. 1791ರ ಮೊದಲ ತಿದ್ದುಪಡಿ ಹೇಳುವುದು ಇಷ್ಟೇ: ಧರ್ಮವನ್ನು ಸ್ಥಾಪಿಸುವ ಕಾನೂನನ್ನು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮಾಡಕೂಡದು. ಈ ನಿರ್ಬಂಧ ರಾಜ್ಯಗಳಿಗೂ ಅನ್ವಯಿಸುತ್ತದೆಂದು ಕೋರ್ಟ್ ಹೇಳಿದ್ದು 1947ರಲ್ಲಿ.

ಕಲ್ಲುಗಳು ಬಂದದ್ದು ಆಮೇಲೆ. 1950–60ರ ದಶಕಗಳಲ್ಲಿ ‘ಫ್ರಾಟರ್ನಲ್ ಆರ್ಡರ್ ಆಫ್ ಈಗಲ್ಸ್’ ಎಂಬ ಸಂಘ, ಬಾಲಾಪರಾಧ ತಗ್ಗೀತೆಂಬ ಆಸೆಯಿಂದ, ದೇಶದ ಅನೇಕ ಊರುಗಳಿಗೆ ಇವನ್ನು ದಾನ ಮಾಡಿತು. ಟೆಕ್ಸಸ್‌ಗೆ 1961ರಲ್ಲಿ ಬಂದ ಕಲ್ಲಿನ ಎತ್ತರ 6 ಅಡಿ, ಅಗಲ ಮೂರೂವರೆ ಅಡಿ. ಯಾರ ಪಾಠವನ್ನು ಕೆತ್ತುವುದು ಎಂಬಲ್ಲೇ ಮೊದಲ ತೊಡಕು. ಯಹೂದಿಗಳು, ಕ್ಯಾಥೋಲಿಕರು, ಬಹುಪಾಲು ಪ್ರಾಟೆಸ್ಟಂಟರು ಹತ್ತು ಆಜ್ಞೆಗಳನ್ನು ಒಂದೇ ರೀತಿ ಎಣಿಸುವುದಿಲ್ಲ. ವಿಗ್ರಹ ನಿಷೇಧ ಪ್ರಾಟೆಸ್ಟಂಟರಿಗೆ ಎರಡನೇ ಆಜ್ಞೆ, ಕ್ಯಾಥೋಲಿಕರಿಗೆ ಮೊದಲನೆಯದರ ಭಾಗ. ಎಲ್ಲರನ್ನೂ ಒಪ್ಪಿಸಲು ಈಗಲ್ಸ್ ಮಿಶ್ರ ಪಾಠವೊಂದನ್ನು ಬಳಸಿತು. ಹಾಗಿದ್ದರೂ ಬೌದ್ಧರೋ ಹಿಂದೂಗಳೋ ನಾಸ್ತಿಕರೋ ಆ ಒಪ್ಪಂದದ ಹೊರಗೇ ಉಳಿದರು.

ಕೆಂಟಕಿಯ ಸೋಲಿಗೆ ಕಾರಣ ಅಧಿಕಾರಿಗಳ ನಡೆಯೇ. 1999ರಲ್ಲಿ ಮೊದಲು ದಶಾಜ್ಞೆಯನ್ನು ಮಾತ್ರ ತೂಗುಹಾಕಿದರು. ಮೊಕದ್ದಮೆ ಬಿದ್ದಾಗ ಸುತ್ತ ಬೇರೆ ದಾಖಲೆಗಳನ್ನು ಸೇರಿಸಿದರು, ಅವುಗಳಲ್ಲೂ ಧಾರ್ಮಿಕ ಸಾಲುಗಳನ್ನೇ ಆರಿಸಿ. ತಡೆಯಾಜ್ಞೆ ಬಂದ ಮೇಲೆ ಇಂಗ್ಲೆಂಡಿನ ಹಳೆಯ ಹಕ್ಕುಪತ್ರವಾದ ಮ್ಯಾಗ್ನಾ ಕಾರ್ಟಾ, ಸ್ವಾತಂತ್ರ್ಯ ಘೋಷಣೆ ಮುಂತಾದವುಗಳೊಡನೆ ಒಂಬತ್ತು ದಾಖಲೆಗಳ ‘ಕಾನೂನಿನ ಬುನಾದಿ’ ಪ್ರದರ್ಶನ ಮಾಡಿದರು. ಮೂರನೇ ರೂಪವೊಂದನ್ನೇ ನೋಡದೆ ಕೋರ್ಟ್ ಮೊದಲಿನಿಂದ ನಡೆದದ್ದನ್ನೆಲ್ಲ ಓದಿತು. ಉದ್ದೇಶ ಧಾರ್ಮಿಕವೆಂದು ಕಂಡಿತು.

ಟೆಕ್ಸಸ್ ಕಲ್ಲಿನ ಸುತ್ತ 22 ಎಕರೆಯಲ್ಲಿ ಇನ್ನೂ 16 ಸ್ಮಾರಕಗಳಿದ್ದವು. ಬ್ರೇಯರ್ ಅವರಿಗೆ ಮುಖ್ಯವಾದದ್ದು ನಲವತ್ತು ವರ್ಷ ಯಾರೂ ಕೋರ್ಟಿಗೆ ಹೋಗಲಿಲ್ಲವೆಂಬುದು. ಈ ಅಳತೆಯನ್ನು ಒಪ್ಪುವುದು ಕಷ್ಟ. ಸಣ್ಣ ಊರಲ್ಲಿ ದಾವೆ ಹೂಡುವುದೆಂದರೆ ನೆರೆಹೊರೆಯವರನ್ನೆಲ್ಲ ಎದುರು ಹಾಕಿಕೊಂಡಂತೆ. ಸುಮ್ಮನಿದ್ದವರೆಲ್ಲ ಒಪ್ಪಿದ್ದರೆಂದು ಹೇಗೆ ಹೇಳುವುದು?

2009ರಲ್ಲಿ ಯೂಟಾದ ಪ್ಲೆಸೆಂಟ್ ಗ್ರೋವ್ ಪ್ರಕರಣ ಬಂತು. ಪಾರ್ಕಿನಲ್ಲಿ ದಶಾಜ್ಞೆಯ ಕಲ್ಲಿದೆ, ನಮ್ಮ ‘ಏಳು ಸೂತ್ರ’ಗಳ ಕಲ್ಲನ್ನೂ ಇಡಿ ಎಂದು ಸಮ್ಮಮ್ ಎಂಬ ಪುಟ್ಟ ಪಂಥ ಕೇಳಿತು. ಶಾಶ್ವತ ಸ್ಮಾರಕ ಸರ್ಕಾರದ್ದೇ ಮಾತು, ಯಾವುದನ್ನು ಇಡಬೇಕೆಂಬ ಆಯ್ಕೆಯೂ ಅದರದೇ ಎಂದು ಕೋರ್ಟ್ ಸರ್ವಾನುಮತದಿಂದ ಹೇಳಿತು.

2019ರಲ್ಲಿ ಮೇರಿಲ್ಯಾಂಡ್‌ನ ಬ್ಲೇಡನ್ಸ್‌ಬರ್ಗ್‌ನ 32 ಅಡಿಯ ಶಿಲುಬೆಯೂ 7–2ರಲ್ಲಿ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಮಡಿದ 49 ಮಂದಿಯ ನೆನಪಿಗೆ 1925ರಲ್ಲಿ ಎದ್ದದ್ದು ಅದು. ಜಾಗ ಸರ್ಕಾರಿ ಮಂಡಳಿಯ ಕೈಗೆ ಬಂದದ್ದು 1961ರಲ್ಲಿ. ಸ್ಮಾರಕ ಹಳೆಯದಾದರೆ ಅದು ಸಂವಿಧಾನಬದ್ಧವೆಂಬ ಊಹೆಯಿಂದಲೇ ವಿಚಾರಣೆ ಶುರುವಾಗಬೇಕೆಂಬ ತತ್ತ್ವ ಇದರೊಂದಿಗೆ ಗಟ್ಟಿಯಾಯಿತು. ಮೊದಲು ಬಂದವರಿಗೆ ಹೀಗೆ ಸಿಕ್ಕ ರಕ್ಷಣೆ, ತಡವಾಗಿ ಬಂದ ಧರ್ಮಗಳಿಗೆ ಸಿಗುವುದಿಲ್ಲ.

ರಾಜ್ಯಗಳ ಸಂವಿಧಾನಗಳು ಇನ್ನೂ ಬಿಗಿಯಾಗಿರಬಹುದು. ಒಕ್ಲಹಾಮದ ಶಾಸನಸಭೆಯ ಅಂಗಳದಲ್ಲಿ 2012ರಲ್ಲಿ ಖಾಸಗಿ ದುಡ್ಡಿನಿಂದಲೇ ಕಲ್ಲು ನಿಲ್ಲಿಸಿದ್ದರು. ಸಾರ್ವಜನಿಕ ಹಣವಾಗಲಿ ಆಸ್ತಿಯಾಗಲಿ ಯಾವ ಧರ್ಮದ ಪ್ರಯೋಜನಕ್ಕೂ ಸಲ್ಲದೆಂದು ಆ ರಾಜ್ಯದ ಸಂವಿಧಾನದ 2ನೇ ವಿಧಿಯ 5ನೇ ಕಲಂ ಹೇಳುತ್ತದೆ. ಜಾಗ ಸಾರ್ವಜನಿಕ ಆಸ್ತಿಯಾದ್ದರಿಂದ 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 7–2ರಲ್ಲಿ ತೆಗೆಯಲು ಹೇಳಿತು; ಅಕ್ಟೋಬರಿನಲ್ಲಿ ಕಲ್ಲು ಖಾಸಗಿ ಸಂಸ್ಥೆಯೊಂದರ ಜಾಗಕ್ಕೆ ಹೋಯಿತು. ಆ ಕಲಮನ್ನೇ ರದ್ದು ಮಾಡುವ ಪ್ರಸ್ತಾವವನ್ನು 2016ರ ನವೆಂಬರಿನಲ್ಲಿ ಜನರ ಮುಂದಿಟ್ಟರು. ಅಮೆರಿಕದ ಅತ್ಯಂತ ಧಾರ್ಮಿಕ ರಾಜ್ಯಗಳಲ್ಲಿ ಒಂದಾದ ಒಕ್ಲಹಾಮದ ಮತದಾರರು ಅದನ್ನು ತಿರಸ್ಕರಿಸಿದರು.