ರೈಲು ಇಳಿದ ಮೇಲಿನ ಮುನ್ನೂರು ಮೀಟರ್

ಬೆಳಿಗ್ಗೆ 7 ಗಂಟೆ 42 ನಿಮಿಷ. ಬೆಂಗಳೂರಿನ ಅಂಚಿನ ಒಂದು ಸಣ್ಣ ನಿಲ್ದಾಣಕ್ಕೆ ಮೆಮು ರೈಲು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು, ಬಂದು ನಿಂತಿತು. ನಾನು ಪ್ಲಾಟ್‌ಫಾರ್ಮಿನ ತುದಿಯಲ್ಲಿ ರಟ್ಟು, ಪೆನ್ನು, ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಎಷ್ಟು ಜನ ಇಳಿದರು, ಯಾವ ಕಡೆ ಹೋದರು ಅಂತ ಎಣಿಸುವುದು ಅವತ್ತಿನ ಕೆಲಸ. ಸಾರಿಗೆ ಯೋಜನೆಯ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಅದರಲ್ಲಿ ಎಷ್ಟೋ ಬೆಳಗುಗಳು ಹೀಗೆ ನಿಂತು ಎಣಿಸುವುದರಲ್ಲೇ ಹೋಗಿವೆ.

ಇಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಪ್ಲಾಟ್‌ಫಾರ್ಮಿನ ಇಳಿಜಾರಿನಿಂದ ಕೆಳಗಿಳಿದು, ಹಳಿ ದಾಟಿ, ಕಾಂಪೌಂಡ್ ಗೋಡೆ ಒಡೆದಿದ್ದ ಕಡೆ ಒಬ್ಬೊಬ್ಬರಾಗಿ ನುಸುಳಿದರು. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಂಗಸನ್ನು ಕೇಳಿದೆ, "ಯಾಕಮ್ಮ ಈ ಕಡೆ? ಅಪಾಯ ಅಲ್ವಾ?"

"ಗೇಟಿಂದ ಸುತ್ತಿ ಬಂದ್ರೆ ಬಸ್ ಹೋಗ್ಬಿಟ್ಟಿರುತ್ತೆ ಸಾರ್. ಹತ್ತು ನಿಮಿಷ ಲೇಟಾದ್ರೆ ಅರ್ಧ ದಿನದ ಸಂಬಳ ಕಟ್ ಮಾಡ್ತಾರೆ."

ಅವರು ನಿಲ್ಲಲಿಲ್ಲ. ಊಟದ ಬ್ಯಾಗನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಅಡ್ಡಡ್ಡವಾಗಿ ಆ ಸಂದಿಯಲ್ಲಿ ನುಗ್ಗಿದರು. ಆಮೇಲೆ ಹತ್ತಿರ ಹೋಗಿ ನೋಡಿದೆ. ಗೋಡೆಯ ಆ ಅಂಚು ದಿನವೂ ಜನರ ಭುಜ ಉಜ್ಜಿ ಉಜ್ಜಿ ನುಣ್ಣಗಾಗಿತ್ತು.

ಎರಡು ದಾರಿಯನ್ನೂ ನಾನೇ ನಡೆದು ಅಳೆದೆ. ಸಂದಿಯಿಂದ ಬಸ್ ಸ್ಟಾಪಿಗೆ ಸುಮಾರು 300 ಮೀಟರ್, 4 ನಿಮಿಷ. ಗೇಟಿನಿಂದ ಹೊರಟು ಅಂಡರ್‌ಪಾಸ್ ಸುತ್ತಿ ಬಂದರೆ 9 ನಿಮಿಷ. ಬಸ್ ಹೊರಡುವುದು 7.50ಕ್ಕೆ. ಕಾನೂನು ಪಾಲಿಸಿ ನಡೆದವರಿಗೆ ಒಂದು ನಿಮಿಷದಲ್ಲಿ ಬಸ್ ತಪ್ಪುತ್ತದೆ. ಮುಂದಿನ ಬಸ್ 8.20ಕ್ಕೆ.

ರೈಲು ಯೋಜನೆಗಳ ಸುದ್ದಿ ಓದುವಾಗಲೆಲ್ಲ ನನಗೆ ಈ ಗೋಡೆ ನೆನಪಾಗುತ್ತದೆ. ಸುದ್ದಿಯಲ್ಲಿ ಬರುವುದು ಕಿಲೋಮೀಟರ್ ಮತ್ತು ಕೋಟಿ. ಬೆಂಗಳೂರು ಉಪನಗರ ರೈಲು ಯೋಜನೆಯನ್ನೇ ತೆಗೆದುಕೊಳ್ಳಿ. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ. 148 ಕಿಲೋಮೀಟರ್, 15,767 ಕೋಟಿ ರೂಪಾಯಿ, ನಾಲ್ಕು ಕಾರಿಡಾರ್. ಹೆಸರುಗಳೂ ಚೆನ್ನಾಗಿವೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಸೇರಿ ಕಟ್ಟಿಕೊಂಡ ಕೆ-ರೈಡ್ ಕಂಪನಿ ಇದನ್ನು ನಡೆಸುತ್ತಿದೆ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳಲ್ಲಿ ಮುಗಿಸುವ ಮಾತು ಬಂದಿತ್ತು. ಆ ಗಡುವು 2025ರ ಅಕ್ಟೋಬರ್‌ಗೆ ತೀರಿತು. ಆಗ ನಾಲ್ಕರಲ್ಲಿ ಒಂದರಲ್ಲೂ ರೈಲು ಓಡುತ್ತಿರಲಿಲ್ಲ.

ತಡವಾದದ್ದಕ್ಕೆ ಎಲ್ಲರಿಗೂ ಸಿಟ್ಟಿದೆ. ನನಗೂ ಇದೆ. 2016ರಲ್ಲಿ "ಚುಕುಬುಕು ಬೇಕು" ಅಂತ ಜನ ನಿಲ್ದಾಣಗಳಲ್ಲಿ ನಿಂತು ಕೇಳಿದ ರೈಲು ಇದು. ಆದರೆ ಈ ತಡದಲ್ಲಿ ನಮಗೆ ಒಂದು ಅವಕಾಶವೂ ಸಿಕ್ಕಿದೆ ಅನ್ನುವುದನ್ನು ಹೇಳಲೇಬೇಕು. ಎಷ್ಟೋ ನಿಲ್ದಾಣಗಳ ಗೋಡೆ ಇನ್ನೂ ಎದ್ದಿಲ್ಲ. ಗೇಟು ಯಾವ ಕಡೆ, ಬಸ್ ಎಲ್ಲಿ ನಿಲ್ಲಬೇಕು, ಆಟೊ ಎಲ್ಲಿ ತಿರುಗಬೇಕು ಅನ್ನುವುದನ್ನು ಕಾಗದದ ಮೇಲೆ ರಬ್ಬರ್ ಹಾಕಿ ಅಳಿಸಿ ಬರೆಯುವ ಕಾಲ ಇದು. ಕಾಂಕ್ರೀಟ್ ಬಿದ್ದ ಮೇಲೆ ಆಗುವುದಿಲ್ಲ.

ಬಿದ್ದ ಮೇಲೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇದೆಯಲ್ಲ, 314 ಕೋಟಿ ಖರ್ಚು ಮಾಡಿ ಕಟ್ಟಿದ್ದು. ಏಳು ಪ್ಲಾಟ್‌ಫಾರ್ಮ್, ಪೂರ್ತಿ ಎ.ಸಿ. 2022ರ ಜೂನ್ 6ರಂದು ಅಲ್ಲಿಂದ ರೈಲು ಹೊರಡಲು ಶುರುವಾಯಿತು. ಬೈಯಪ್ಪನಹಳ್ಳಿ ಮೆಟ್ರೊ ಅದಕ್ಕೂ ಹತ್ತು ವರ್ಷ ಮೊದಲೇ, 2011ರಲ್ಲೇ ಬಂದಿತ್ತು. ಎರಡಕ್ಕೂ ಒಂದೇ ಊರಿನ ಹೆಸರು. ಆದರೆ ಮೆಟ್ರೊ ಇಳಿದು ಸೂಟ್‌ಕೇಸ್ ಎಳೆದುಕೊಂಡು ಟರ್ಮಿನಲ್‌ಗೆ ಆರಾಮಾಗಿ ನಡೆದು ಹೋಗುವ ಹಾಗಿಲ್ಲ. ರೈಲು ಓಡಲು ಶುರುವಾದ ಮೇಲೆ ಫೀಡರ್ ಬಸ್ (ನಿಲ್ದಾಣಕ್ಕೆ ಜನರನ್ನು ತಂದು ಬಿಡುವ, ಕರೆದೊಯ್ಯುವ ಬಸ್), ರಸ್ತೆ, ಮೇಲ್ಸೇತುವೆಯ ಚರ್ಚೆ ಜೋರಾಯಿತು. ಈ ಕ್ರಮ ತಲೆಕೆಳಗಾಗಿತ್ತು.

ವಿಮಾನ ನಿಲ್ದಾಣದ ಹತ್ತಿರದ ಹಾಲ್ಟ್ ಸ್ಟೇಷನ್ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. 2021ರ ಜನವರಿ 4ರಂದು ಅಲ್ಲಿಗೆ ರೈಲು ಬಂತು. ಟ್ಯಾಕ್ಸಿಗೆ ನೂರಾರು ರೂಪಾಯಿ ಕೊಡುವ ದಾರಿಗೆ ರೈಲಿನಲ್ಲಿ 10, 15 ರೂಪಾಯಿ. ಹಾಲ್ಟ್‌ನಿಂದ ಟರ್ಮಿನಲ್‌ಗೆ ಶಟಲ್ ಬಸ್ಸೂ ಇತ್ತು. ಆದರೂ ಜನ ಹತ್ತಲಿಲ್ಲ. ಕಾರಣ ಸರಳ. ಯಲಹಂಕದಿಂದ ದೇವನಹಳ್ಳಿ ಕಡೆಗೆ ಇರುವುದು ಒಂಟಿ ಹಳಿ. ದಿನಕ್ಕೆ ಬೆರಳೆಣಿಕೆಯ ರೈಲು. ವಿಮಾನ ಮಾತ್ರ ಹಗಲೂ ರಾತ್ರಿ ಇಳಿಯುತ್ತಿರುತ್ತದೆ. ರೈಲು ತಪ್ಪಿದರೆ ಇನ್ನೆಷ್ಟು ಗಂಟೆ ಕಾಯಬೇಕೋ ಅನ್ನುವ ಭಯ ಇದ್ದಾಗ ಹತ್ತು ರೂಪಾಯಿ ಟಿಕೆಟ್ ಯಾರಿಗೂ ಅಗ್ಗ ಅನಿಸುವುದಿಲ್ಲ. ಆಗ "ಜನರಿಗೆ ರೈಲು ಬೇಡ" ಅಂತ ಕೆಲವರು ತೀರ್ಪು ಕೊಟ್ಟುಬಿಟ್ಟರು. ಆ ತೀರ್ಪು ನನಗೆ ತುಂಬ ನೋವು ಕೊಟ್ಟಿತ್ತು. ಜನರಿಗೆ ರೈಲು ಬೇಕಿತ್ತು. ಅವರ ಹೊತ್ತಿಗೆ ಬೇಕಿತ್ತು, ಅಷ್ಟೆ.

ನಮ್ಮ ಕಸುಬಿನ ಒಂದು ಲೆಕ್ಕ ಇಲ್ಲಿ ಹೇಳಬೇಕು. ಬಸ್ಸಿನಲ್ಲಿ ಕೂತ ಹತ್ತು ನಿಮಿಷ ಮನಸ್ಸಿಗೆ ಹತ್ತೇ ನಿಮಿಷ. ಸ್ಟಾಪಿನಲ್ಲಿ ನಿಂತು ಕಾಯುವ ಹತ್ತು ನಿಮಿಷ ಹೆಚ್ಚುಕಡಿಮೆ ಇಪ್ಪತ್ತು ನಿಮಿಷದ ಭಾರ. ಜಗತ್ತಿನಾದ್ಯಂತ ಸಾರಿಗೆ ಯೋಜಕರು ಸುಮಾರು ಈ ಅಳತೆಯನ್ನೇ ಬಳಸುತ್ತಾರೆ. ಮಳೆ ಬಂದರೆ, ಕತ್ತಲಾದರೆ, ಪಕ್ಕದಲ್ಲಿ ಮಗು ಇದ್ದರೆ ಭಾರ ಇನ್ನೂ ಜಾಸ್ತಿ. ಹೊಸ ಹಳಿ ಹಾಕಿ ರೈಲಿನ ಓಟದಲ್ಲಿ ಹತ್ತು ನಿಮಿಷ ಉಳಿಸಿ, ಇಳಿದ ಮೇಲೆ ಹದಿನೈದು ನಿಮಿಷ ಕಾಯಿಸಿದರೆ ಪ್ರಯಾಣಿಕರಿಗೆ ಪ್ರಯಾಣ ಮೊದಲಿಗಿಂತ ಉದ್ದವಾದಂತೆ. ಅವರು ಸ್ಕೂಟರ್ ಕೊಳ್ಳುತ್ತಾರೆ. ಒಮ್ಮೆ ಇಎಂಐ ಶುರುವಾದರೆ ಮತ್ತೆ ರೈಲಿಗೆ ವಾಪಸ್ ಬರುವವರು ಕಡಿಮೆ.

ಇನ್ನೊಂದು ವಿಷಯ. ಮೆಟ್ರೊಗೂ ಉಪನಗರ ರೈಲಿಗೂ ಜನ ಇಳಿಯುವ ರೀತಿಯಲ್ಲೇ ವ್ಯತ್ಯಾಸ ಇದೆ. ಐದು ನಿಮಿಷಕ್ಕೊಂದು ಮೆಟ್ರೊ ಬಂದರೆ ಜನ ನಲ್ಲಿ ನೀರಿನ ಹಾಗೆ ಹೊರಗೆ ಬರುತ್ತಿರುತ್ತಾರೆ. ಅರ್ಧ ಗಂಟೆಗೊಂದು ರೈಲು ಬಂದರೆ ಟ್ಯಾಂಕರ್ ಕೊಳಾಯಿ ತೆರೆದ ಹಾಗೆ. ಒಂದೇ ಸಲಕ್ಕೆ ಮುನ್ನೂರು ಜನ ಗೇಟಿನಲ್ಲಿ. ಆ ಹೊತ್ತಿಗೆ ಹೊರಗೆ ಒಂದೇ ಬಸ್ ಇದ್ದರೆ ಅರವತ್ತು ಜನ ಹತ್ತುತ್ತಾರೆ, ಉಳಿದ ಇನ್ನೂರ ನಲವತ್ತು ಜನ ನೋಡುತ್ತಾ ನಿಲ್ಲುತ್ತಾರೆ. ಅದೇ ಬಸ್ಸುಗಳನ್ನು ದಿನವಿಡೀ ಇಪ್ಪತ್ತು ನಿಮಿಷಕ್ಕೊಂದರಂತೆ ಬಿಡುವ ಬದಲು, ರೈಲು ಬಂದ ಏಳೆಂಟು ನಿಮಿಷಕ್ಕೆ ಮೂರು ನಾಲ್ಕು ದಿಕ್ಕಿಗೆ ಒಟ್ಟಿಗೆ ಹೊರಡಿಸಬಹುದು. ಬಸ್ಸಿನ ಸಂಖ್ಯೆ ಅಷ್ಟೇ. ವೇಳಾಪಟ್ಟಿ ಬೇರೆ.

ಇದನ್ನು ದೇಶಮಟ್ಟದಲ್ಲೇ ಮಾಡಿ ತೋರಿಸಿದ್ದು ಸ್ವಿಟ್ಜರ್ಲೆಂಡ್. ಅಲ್ಲಿನ ಜನ 1987ರಲ್ಲಿ ಮತ ಹಾಕಿ 'ರೈಲು 2000' ಅನ್ನುವ ಯೋಜನೆ ಒಪ್ಪಿದರು. ಅವರು ಮೊದಲು ಬರೆದದ್ದು ವೇಳಾಪಟ್ಟಿ. ದೊಡ್ಡ ಜಂಕ್ಷನ್‌ಗಳಲ್ಲಿ ಗಂಟೆ ಹೊಡೆಯುವ ಮುಂಚೆ ಎಲ್ಲ ಕಡೆಯಿಂದ ರೈಲು ಬಂದು ಸೇರಬೇಕು, ಹೊಡೆದ ಮೇಲೆ ಎಲ್ಲ ಕಡೆಗೂ ಹೊರಡಬೇಕು. ಹಾಗಾಗಲು ಜೂರಿಕ್‌ನಿಂದ ಬರ್ನ್‌ಗೆ ರೈಲು ಒಂದು ಗಂಟೆಯೊಳಗೆ ತಲುಪಬೇಕಿತ್ತು. ಅದಕ್ಕೆ ಎಷ್ಟು ಬೇಕೋ ಅಷ್ಟು ಹೊಸ ಹಳಿ ಹಾಕಿದರು. ಸುಮಾರು 45 ಕಿಲೋಮೀಟರ್, 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ಪ್ರಯಾಣ 56 ನಿಮಿಷಕ್ಕೆ ಇಳಿಯಿತು. ಹಳ್ಳಿಗೆ ಹೋಗುವ ಹಳದಿ ಪೋಸ್ಟ್ ಬಸ್ ಕೂಡ ಅದೇ ಗಡಿಯಾರಕ್ಕೆ ಕಟ್ಟಿಕೊಂಡಿರುತ್ತದೆ. "ಅದು ಶ್ರೀಮಂತ ದೇಶ ಬಿಡಿ" ಅನ್ನುವವರಿಗೆ ನನ್ನ ಉತ್ತರ ಒಂದೇ. ದುಡ್ಡು ಕಡಿಮೆ ಇರುವವರೇ ಮೊದಲು ವೇಳಾಪಟ್ಟಿ ಬರೆಯಬೇಕು.

ನಮ್ಮಲ್ಲಿ ಯಾಕೆ ಹೀಗಾಗುವುದಿಲ್ಲ? ಆ ಮುನ್ನೂರು ಮೀಟರ್‌ಗೆ ಯಜಮಾನರು ಎಷ್ಟು ಜನ ಅಂತ ಎಣಿಸಿ ನೋಡಿ. ಗೇಟಿನ ಒಳಗೆ ರೈಲ್ವೆ. ಗೇಟಿನ ಹೊರಗಿನ ರಸ್ತೆ, ಫುಟ್‌ಪಾತ್, ಬೀದಿದೀಪ ಪಾಲಿಕೆಯದ್ದು. ಬಸ್ಸು ಬಿಎಂಟಿಸಿಯದ್ದು. ಆಟೊ ಪರ್ಮಿಟ್ ಸಾರಿಗೆ ಇಲಾಖೆಯದ್ದು. ಬಸ್ ಎಲ್ಲಿ ನಿಲ್ಲಬಹುದು ಅನ್ನುವುದಕ್ಕೆ ಟ್ರಾಫಿಕ್ ಪೊಲೀಸರ ಒಪ್ಪಿಗೆ. ಪಕ್ಕದಲ್ಲಿ ಮೆಟ್ರೊ ಇದ್ದರೆ ಇನ್ನೊಂದು ನಿಗಮ. ಇವರೆಲ್ಲ ಕೆಟ್ಟವರಲ್ಲ. ನಾನು ಕಂಡ ಡಿಪೊ ಮ್ಯಾನೇಜರ್‌ಗಳು, ಸ್ಟೇಷನ್ ಮಾಸ್ಟರ್‌ಗಳು ಮನಸ್ಸಿಟ್ಟು ದುಡಿಯುವವರು. ಆದರೆ ಒಬ್ಬರ ಫೈಲಿನಲ್ಲೂ ಪ್ರಯಾಣಿಕರ ಪೂರ್ತಿ ದಾರಿ ಇರುವುದಿಲ್ಲ. ಅವರವರ ತುಂಡು ಮಾತ್ರ ಇರುತ್ತದೆ.

ಅದಕ್ಕೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾನೂನು ನನಗೆ ಮುಖ್ಯ ಅನಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ವಿಧಾನಮಂಡಲ ಅದನ್ನು ಒಪ್ಪಿತು. ಮುಖ್ಯಮಂತ್ರಿಯೇ ಅಧ್ಯಕ್ಷರು. ಎಲ್ಲ ಸಾರಿಗೆ ಸಂಸ್ಥೆಗಳನ್ನು ಒಂದೇ ಮೇಜಿಗೆ ಕೂರಿಸುವುದು ಅದರ ಉದ್ದೇಶ. ದೊಡ್ಡ ದೊಡ್ಡ ಯೋಜನೆಗಳಿಗಿಂತ ಮೊದಲು ಈ ಮುನ್ನೂರು ಮೀಟರ್ ಅದರ ಕೈಗೆ ಬರಬೇಕು. 2017ರ ರಾಷ್ಟ್ರೀಯ ಮೆಟ್ರೊ ರೈಲು ನೀತಿಯಲ್ಲಿ ಒಂದು ಒಳ್ಳೆಯ ಷರತ್ತು ಇದೆ. ನಿಲ್ದಾಣದ ಸುತ್ತ ಐದು ಕಿಲೋಮೀಟರ್‌ಗೆ ಫೀಡರ್ ಬಸ್, ನಡೆಯುವ ದಾರಿ, ಸೈಕಲ್ ದಾರಿ ಹೇಗೆ ಕೊಡುತ್ತೇವೆ ಅಂತ ರಾಜ್ಯ ಸರ್ಕಾರ ಯೋಜನಾ ವರದಿಯಲ್ಲೇ ಮಾತು ಕೊಡಬೇಕು. ಅದೇ ಮಾತನ್ನು ಉಪನಗರ ರೈಲಿನ ಪ್ರತಿ ನಿಲ್ದಾಣಕ್ಕೂ ಬರೆಸಿಕೊಳ್ಳಬೇಕು, ಅದಕ್ಕೆ ದುಡ್ಡನ್ನೂ ಅದೇ ಅಂದಾಜಿನಲ್ಲಿ ಎತ್ತಿಡಬೇಕು. ಈಗ ನಗರದ ಸುತ್ತ 287 ಕಿಲೋಮೀಟರ್‌ನ ವರ್ತುಲ ರೈಲಿನ ಮಾತೂ ನಡೆದಿದೆ. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರು. ಬೆಂಗಳೂರಿನ ಒಳಗಿನಷ್ಟು ಬಸ್ ಇಲ್ಲದ ಊರುಗಳ ಮೇಲೆ ಹಾಯುವ ದಾರಿ. ಅಲ್ಲಿ ಈ ಷರತ್ತು ಇನ್ನೂ ಜಾಸ್ತಿ ಬೇಕು.

ಸದ್ಯಕ್ಕೆ ಕಣ್ಣಿಡಬೇಕಾದ್ದು ಮಲ್ಲಿಗೆ ಕಾರಿಡಾರ್ ಮೇಲೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ ಸುಮಾರು 25 ಕಿಲೋಮೀಟರ್. ಈ ದಾರಿಯ ನಕ್ಷೆಯಲ್ಲಿ ನಾಗವಾರ ಅನ್ನುವ ನಿಲ್ದಾಣ ಇದೆ. ಮೆಟ್ರೊದ ಗುಲಾಬಿ ಮಾರ್ಗದಲ್ಲೂ ನಾಗವಾರ ಇದೆ, ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದಲ್ಲೂ ಇದೆ. ಹೆಬ್ಬಾಳದ್ದೂ ಇಂಥದ್ದೇ ವಿಷಯ. ಮೆಟ್ರೊಗೂ ಉಪನಗರ ರೈಲಿಗೂ ಯೋಜನೆಯಲ್ಲಿ ಅಲ್ಲಿ ನಿಲ್ದಾಣ ಇದೆ, ಹೊರವರ್ತುಲ ರಸ್ತೆಯ ಬಸ್ಸುಗಳೂ ಅಲ್ಲೇ ನಿಲ್ಲುತ್ತವೆ. ಬೈಯಪ್ಪನಹಳ್ಳಿ ಕಲಿಸಿದ್ದು ಇದನ್ನೇ: ಒಂದೇ ಹೆಸರು ಇದ್ದ ಮಾತ್ರಕ್ಕೆ ನಿಲ್ದಾಣಗಳು ಒಂದಾಗುವುದಿಲ್ಲ. ನಕ್ಷೆಯ ಮೇಲೆ ಸ್ಕೇಲು ಇಟ್ಟು ಬಾಗಿಲಿನಿಂದ ಬಾಗಿಲಿಗೆ ಅಳೆಯಬೇಕು. ಎಷ್ಟು ಮೆಟ್ಟಿಲು, ಲಿಫ್ಟ್ ಎಲ್ಲಿ, ಎಷ್ಟು ರಸ್ತೆ ದಾಟಬೇಕು ಅಂತ ಎಣಿಸಬೇಕು. ಐದು ನಿಮಿಷ ಮೀರಿದರೆ ನಕ್ಷೆಯನ್ನು ವಾಪಸ್ ಕಳಿಸಬೇಕು.

ಆ ಸಣ್ಣ ನಿಲ್ದಾಣದಲ್ಲಿ ಮುಂದೇನಾಯಿತು ಅಂತ ಹೇಳಿಬಿಡುತ್ತೇನೆ. ನಮ್ಮ ಲೆಕ್ಕ ತೋರಿಸಿದ ಮೇಲೆ 7.50ರ ಬಸ್ಸನ್ನು 7.56ಕ್ಕೆ ಸರಿಸಿದರು. ಒಂದು ರೂಪಾಯಿ ಖರ್ಚಿಲ್ಲ. ಎರಡು ವಾರ ಬಿಟ್ಟು ಹೋಗಿ ಎಣಿಸಿದೆವು. ಗೇಟಿನ ಕಡೆ ಹೋಗುವವರು ಕಣ್ಣಿಗೆ ಕಾಣುವಷ್ಟು ಹೆಚ್ಚಾಗಿದ್ದರು. ನಮ್ಮ ತಂಡದ ಹುಡುಗರಿಗೆ ಎಷ್ಟು ಖುಷಿಯಾಗಿತ್ತು ಅಂದರೆ ಅವತ್ತು ಎಲ್ಲರಿಗೂ ಮಸಾಲೆ ದೋಸೆ. ಕೆಲವು ತಿಂಗಳಾದ ಮೇಲೆ ರೈಲಿನ ವೇಳಾಪಟ್ಟಿ ಬದಲಾಯಿತು. 7.42ರ ರೈಲು 7.51ಕ್ಕೆ ಬರತೊಡಗಿತು. ಡಿಪೊಗೆ ಯಾರೂ ಹೇಳಲಿಲ್ಲ. ಹೇಳುವುದು ಯಾರ ಕೆಲಸ ಅಂತ ಎಲ್ಲೂ ಬರೆದಿರಲಿಲ್ಲ. ಬಸ್ 7.56ಕ್ಕೇ ಹೊರಡುತ್ತಿತ್ತು. ಮುಂದಿನ ಸಲ ನಾನು ಹೋದಾಗ ಜನ ಮತ್ತೆ ಹಳಿ ದಾಟುತ್ತಿದ್ದರು.